ಕೆಟ್ಟ ಯಂತ್ರಕ್ಕೆ ನೆಂಟರು ಜಾಸ್ತಿ

ನಮ್ಮ ಕಡೆ ಯಂತ್ರ ಕೆಟ್ಟರೆ ರಿಪೇರಿಯವನನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೆಟ್ಟಿದೆಯಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಜನ ತಾವಾಗಿಯೇ ಬರುತ್ತಾರೆ. ನಮ್ಮ ಕಡೆ ಎಂದರೆ ಚಿನಕುರಳಿ. ಪತ್ರಿಕೆಯಲ್ಲಿ ಬರುವ ವ್ಯಂಗ್ಯಚಿತ್ರವಲ್ಲ ಸ್ವಾಮಿ, ಪಾಂಡವಪುರ ತಾಲ್ಲೂಕಿನ ಊರು. ಇಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ಬಿಚ್ಚಿಕೊಂಡು ಕೂತರೆ ಅಕ್ಕಪಕ್ಕದ ಗದ್ದೆಯವರು ಟೆಸ್ಟರ್ ಸಮೇತ ಹಾಜರಾಗುತ್ತಾರೆ. ಆಲೆಮನೆಯ ಗಾಣ ನಿಂತರೆ ರಸ್ತೆಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರೂ ನಿಲ್ಲುತ್ತದೆ. "ಕೆಪಾಸಿಟರ್ ಕಣ್ಲಾ" ಎಂದು ಒಬ್ಬ, "ಒಂದು ಫೇಸೇ ಬತ್ತಾ ಇಲ್ಲ, ಬುಡು" ಎಂದು ಇನ್ನೊಬ್ಬ. ಯಂತ್ರ ಸರಿಹೋಗುವ ಹೊತ್ತಿಗೆ ಎರಡು ಮದುವೆ ಮಾತುಕತೆ, ಒಂದು ಗಡಿ ತಕರಾರು ಕೂಡ ಅಲ್ಲೇ ಇತ್ಯರ್ಥವಾಗಿರುತ್ತದೆ.

ಇಂಥ ಊರಲ್ಲಿ ನಮ್ಮ ಮೇಷ್ಟ್ರು ನಿವೃತ್ತರಾದ ಮೇಲೆ ಜಗಲಿಯ ಕೋಣೆಯಲ್ಲಿ ಒಂದು ಡೆಸ್ಕ್‌ಟಾಪ್ ಮಡಗಿಕೊಂಡರು. ಹಳೆಯದು. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಕಂಪನಿ ಎಳ್ಳುನೀರು ಬಿಟ್ಟಿತು. ಹೊಸ ವಿಂಡೋಸ್ ಹಾಕೋಣವೆಂದರೆ ಆ ಮುದಿ ಪೆಟ್ಟಿಗೆಗೆ ಅದನ್ನು ಹೊರುವ ಶಕ್ತಿಯಿಲ್ಲ. ಆಗ ಅವರ ಸೋದರಳಿಯ ಬಂದು, "ಮಾವ, ಲಿನಕ್ಸ್ ಹಾಕ್ತೀನಿ, ದುಡ್ಡು ಕೊಡೋ ಹಂಗಿಲ್ಲ" ಎಂದ. ಮಂಡ್ಯ ಜಿಲ್ಲೆಯಲ್ಲಿ ಇದಕ್ಕಿಂತ ಬಲವಾದ ತಾಂತ್ರಿಕ ವಾದ ಬೇಕೆ? ಮೇಷ್ಟ್ರು ಒಪ್ಪಿದರು. ಹಳೆಯ ವಿಂಡೋಸೂ ಒಂದು ಮೂಲೆಯಲ್ಲಿರಲಿ, ಪಾಪ, ಎಂದರು. ಈ 'ಪಾಪ' ಮುಂದೆ ಎಷ್ಟು ತೊಂದರೆ ಕೊಟ್ಟಿತೆಂದು ಆಮೇಲೆ ಹೇಳುತ್ತೇನೆ.

ಈ ಅಳಿಯನಿಗೆ ಲಿನಕ್ಸ್ ಹುಚ್ಚು ಹಿಡಿದದ್ದು ಅಂಚೆಯ ಮೂಲಕ. ನಂಬಿಕೆ ಬರುತ್ತಿಲ್ಲವೇ? 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸಿನ ಕಂಪನಿಯವರು, ಕೇಳಿದವರ ಮನೆಗೆ ಅದರ ಸಿ.ಡಿ.ಯನ್ನು ಪುಕ್ಕಟೆ ಕಳಿಸುತ್ತಿದ್ದರು. ಅಂಚೆ ವೆಚ್ಚವೂ ಅವರದೇ. ಇವನಿಗೂ ಒಂದು ಬಂತು. ಪರದೇಶದ ಕವರು ಕಂಡ ಅವರಜ್ಜಿ, ಹುಡುಗನಿಗೆ ಫಾರಿನ್ನಿನಲ್ಲಿ ಕೆಲಸ ಸಿಕ್ಕಿತೆಂದು ಮೂರು ಬೀದಿಗೆ ಸಾರಿಕೊಂಡು ಬಂದಳು. ಅದನ್ನು ಅಲ್ಲಗಳೆಯಲು ಯಾರಿಗೂ ಮನಸ್ಸಾಗಲಿಲ್ಲ ಅನ್ನಿ.

ಡೆಸ್ಕ್‌ಟಾಪಿನ ಮೊದಲ ರೋಗ ಯಾವುದು? ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಇದಕ್ಕೆ ಭಾರತದಾದ್ಯಂತ ಒಂದೇ ಮದ್ದು: ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಟಕ್ ಎನ್ನುವಂತೆ ಕೂರಿಸುವುದು. ಧೂಳು, ತೇವ ಕೂತು ಸಂಪರ್ಕ ತಪ್ಪಿರುತ್ತದೆ, ಅಷ್ಟೆ. ಮೇಷ್ಟ್ರ ಮನೆಯಲ್ಲಿ ರಬ್ಬರಿಗೆ ಬರವೇ? ಮೂವತ್ತು ವರ್ಷ ಮಕ್ಕಳಿಂದ ಕಿತ್ತಿಟ್ಟುಕೊಂಡದ್ದೆಲ್ಲ ಒಂದು ಡಬ್ಬಿಯಲ್ಲಿತ್ತು.

ಎರಡನೆಯ ರೋಗ ಗಡಿಯಾರದ್ದು, ಆಗ ಹೇಳಿದ 'ಪಾಪ'ದ ಫಲ. ಮೇಷ್ಟ್ರು ಲಿನಕ್ಸ್ ಮುಗಿಸಿ ವಿಂಡೋಸಿಗೆ ಹೋದರೆ ನಡು ಮಧ್ಯಾಹ್ನ ಬೆಳಿಗ್ಗೆ ಆರೂವರೆ ತೋರಿಸುತ್ತಿತ್ತು. ಅದನ್ನು ಸರಿಮಾಡಿ ಲಿನಕ್ಸಿಗೆ ಬಂದರೆ ಸಂಜೆ ಐದೂವರೆ. ಜಗಲಿಯಲ್ಲಿ ದೊಡ್ಡ ಚರ್ಚೆಯಾಯಿತು. ವೈರಸ್ ಎಂದರು, ವಾಸ್ತು ಎಂದರು. ಅಳಿಯ ಬಿಡಿಸಿ ಹೇಳಿದ. ಪೆಟ್ಟಿಗೆಯೊಳಗಿನ ಗಡಿಯಾರದಲ್ಲಿರುವುದು ಗ್ರೀನಿಚ್ ಕಾಲವೆಂದು ಲಿನಕ್ಸ್ ತಿಳಿದುಕೊಂಡು ಅದಕ್ಕೆ ಐದೂವರೆ ಗಂಟೆ ಕೂಡಿಸುತ್ತದೆ. ಇದು ಊರಿನ ಕಾಲವೇ ಎಂದು ವಿಂಡೋಸ್ ನಂಬುತ್ತದೆ. ಒಂದು ಮನೆ, ಒಂದೇ ಗಡಿಯಾರ, ಇಬ್ಬರು ಯಜಮಾನರು. ಊರಿನ ಕಾಲವನ್ನೇ ಇಟ್ಟುಕೋ ಎಂದು ಲಿನಕ್ಸಿಗೆ ಒಂದು ಸಾಲು ಬರೆದರೆ ಜಗಳ ನಿಲ್ಲುತ್ತದೆ. "ಅಂದ್ರೆ ಇಷ್ಟ್ ದಿನ ನಾನು ಲಂಡನ್ ಟೈಮ್ನಾಗೆ ರಾಹುಕಾಲ ನೋಡ್ತಿದ್ನೇನ್ಲಾ?" ಎಂದು ಮೇಷ್ಟ್ರು ಗಾಬರಿಯಾದರು.

ಗಡಿಯಾರದ ಮಾತು ಬಂತಲ್ಲ, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮದರ್‌ಬೋರ್ಡಿನ ಮೇಲೆ ರೂಪಾಯಿ ಬಿಲ್ಲೆಯಂಥ ಮೂರು ವೋಲ್ಟಿನ ಸೆಲ್ ಇರುತ್ತದೆ, ಸಿಆರ್2032 ಎಂದು. ಅದು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ಯಂತ್ರ ತಾನು ಹುಟ್ಟಿದ ಕಾಲಕ್ಕೆ ಹಿಂದೆ ಹೋಗುತ್ತದೆ. ಆಗ ಫೈರ್‌ಫಾಕ್ಸ್ ತೆರೆದರೆ ಯಾವ ಬ್ಯಾಂಕಿನ ಪುಟವೂ ಬರುವುದಿಲ್ಲ. ಆ ಪುಟದ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ತಕರಾರು ತೆಗೆಯುತ್ತದೆ. ಸಣ್ಣ ಸೆಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಎಷ್ಟು ಜನ ಹಾರ್ಡ್ ಡಿಸ್ಕನ್ನೇ ಅಳಿಸಿಕೊಂಡಿಲ್ಲ!

ಕರೆಂಟಿನ ಕಥೆ ಬೇರೆ. ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲೇ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ಕ್ಕೆ ಬೆಂಗಳೂರಿನ ಬೀದಿ ಬೆಳಗಿತು. ಇಷ್ಟು ದೂರ ಹೋಗಿ ಬಂದ ಆಯಾಸಕ್ಕೋ ಏನೋ, ಅದು ನಮ್ಮ ಜಗಲಿಗೆ ಬಂದಾಗಲೆಲ್ಲ ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತದೆ. ಬರೆಯುತ್ತಿದ್ದಾಗ ಕರೆಂಟು ಹೋದರೆ ಡಿಸ್ಕಿನ ಲೆಕ್ಕ ಅರ್ಧಕ್ಕೆ ನಿಲ್ಲುತ್ತದಲ್ಲ? ಮುಂದಿನ ಸಲ ಲಿನಕ್ಸ್ ಏಳುವಾಗ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳನ್ನು ಸುರಿಸಿಕೊಂಡು ಆ ಲೆಕ್ಕ ತಾಳೆ ನೋಡುತ್ತದೆ. ಆ ಸಾಲುಗಳನ್ನು ಕಂಡು ಹೆದರಿ ಪ್ಲಗ್ ಕಿತ್ತವರುಂಟು. ಕೀಳಬಾರದು. ಕಾಫಿ ಕುಡಿದು ಬಂದರೆ ಬಹಳ ಸಲ ತಾನೇ ಸರಿಮಾಡಿಕೊಂಡಿರುತ್ತದೆ. ಸರಿಹೋಗದಿದ್ದರೆ ಎಫ್‌ಎಸ್‌ಸಿಕೆ ಎಂಬ ಅಪ್ಪಣೆಯನ್ನು ನಾವೇ ಕೊಡಬೇಕೆಂದು ಅದೇ ಹೇಳುತ್ತದೆ. ಲಿನಕ್ಸಿನ ಗುಣವೇ ಅದು, ಕಾಯಿಲೆಯನ್ನು ಮುಚ್ಚಿಡುವುದಿಲ್ಲ. ಕೇಳುವವರಿಗೆ ತಾಳ್ಮೆ ಬೇಕು.

ಈಗ ಕನ್ನಡದ ರಗಳೆಗೆ ಬರೋಣ. ಊರ ಹಬ್ಬದ ಕರಪತ್ರವನ್ನು ಪಾಂಡವಪುರದ ಒಂದು ಅಂಗಡಿಯಲ್ಲಿ ಡಿಟಿಪಿ ಮಾಡಿಸಿ, ಪೆನ್‌ಡ್ರೈವಿನಲ್ಲಿ ತಂದು, ಮೇಷ್ಟ್ರು ಲಿಬ್ರೆ ಆಫೀಸಿನಲ್ಲಿ ತೆರೆದರು. (ಮೇಷ್ಟ್ರು ಅದನ್ನು ಈಗಲೂ ಓಪನ್ ಆಫೀಸ್ ಎಂದೇ ಕರೆಯುತ್ತಾರೆ. 2010ರಲ್ಲಿ ಅದು ಕವಲೊಡೆದು ಹೆಸರು ಬದಲಾದದ್ದು ಅವರಿಗೆ ಗೊತ್ತಿಲ್ಲದೇನಿಲ್ಲ. ಪಾಂಡವಪುರವನ್ನು ಅವರ ತಾತ ಕೊನೆಯವರೆಗೂ ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದರಂತೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದಕ್ಕೆ ಬಂದ ಹೆಸರು ಅದು. ವಂಶದ ಗುಣ.) ತೆರೆದರೆ ಏನಿದೆ? ದೇವರ ಹೆಸರೂ ಇಲ್ಲ, ಊರ ಹೆಸರೂ ಇಲ್ಲ. ತಲೆಯ ಮೇಲೆ ಟೋಪಿ, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ.

ಕಾರಣ ಹಳೆಯದು. ನುಡಿ, ಬರಹದಂಥ ತಂತ್ರಾಂಶಗಳು ಬಂದ ಕಾಲಕ್ಕೆ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸ್ವಂತ ಮನೆ ಸರಿಯಾಗಿ ಸಿಕ್ಕಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದರು. ಆ ಫಾಂಟ್ ಇಲ್ಲದ ಕಡೆ ಮನೆಯ ಮೂಲ ಒಡೆಯರು ಎದ್ದು ನಿಲ್ಲುತ್ತಾರೆ. ಯುನಿಕೋಡ್ ಕನ್ನಡಕ್ಕೇ ಎಂದು 128 ಸ್ಥಾನ ಮೀಸಲಿಟ್ಟಿತು, ಆದರೆ ಡಿಟಿಪಿ ಅಂಗಡಿಗಳು ಇನ್ನೂ ಪೂರ್ತಿ ಒಕ್ಕಲು ಬದಲಿಸಿಲ್ಲ. ಅಳಿಯ ಪರಿವರ್ತಕಕ್ಕೆ ಹಾಕಿ ಕನ್ನಡ ಮಾಡಿಕೊಟ್ಟ. ಅಲ್ಲಲ್ಲಿ ಉಳಿದ ಒತ್ತಕ್ಷರದ ದೋಷಗಳನ್ನು ಮೇಷ್ಟ್ರು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ತಿದ್ದಲು ಕೂತರು. ಬಂದದ್ದು ಇಂಗ್ಲಿಷೇ. ಐಬಸ್ ಎಂಬ ಸಲಕರಣೆಯಲ್ಲಿ ಭಾಷೆ ಬದಲಿಸಲು ಒಂದು ಕೀಲಿಯ ಜೊತೆ ಸ್ಪೇಸ್ ಒತ್ತಬೇಕು. ಯಾವ ಕೀಲಿ? ವಿಂಡೋಸಿನ ಕಿಟಕಿ ಚಿತ್ರವಿರುವ ಕೀಲಿ! ಲಿನಕ್ಸಿನಲ್ಲಿ ಕನ್ನಡ ಬರಬೇಕಾದರೆ ಬಿಲ್ ಗೇಟ್ಸ್ ಅವರ ಕಿಟಕಿ ತಟ್ಟಬೇಕು ನೋಡಿ.

ಇನ್ನು ಉಳಿದದ್ದು ಮುದ್ರಣ. ಪ್ರಿಂಟರನ್ನು ಹಗುರವಾಗಿ ಕಾಣಬೇಡಿ, ಲಿನಕ್ಸಿನ ಹಿಂದಿರುವ ಮುಕ್ತ ತಂತ್ರಾಂಶವೆಂಬ ಚಳವಳಿಗೆ ಕಿಡಿ ಬಿದ್ದದ್ದೇ ಅಲ್ಲಿಂದ. ಅಮೆರಿಕದ ಎಂಐಟಿಯಲ್ಲಿ ಒಂದು ಜೆರಾಕ್ಸ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ತಿಳಿಯುವಂತೆ ಮಾಡೋಣವೆಂದು ಅಲ್ಲಿನ ರಿಚರ್ಡ್ ಸ್ಟಾಲ್‌ಮನ್ ಅದರ ತಂತ್ರಾಂಶದ ಮೂಲ ಬರಹ ಕೇಳಿದರೆ ಕೊಡಲಿಲ್ಲ. ಆ ಮನುಷ್ಯ ಅದನ್ನು ಮರೆಯಲಿಲ್ಲ. 1983ರಲ್ಲಿ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆಯನ್ನೇ ಕಟ್ಟುತ್ತೇನೆಂದು ಗ್ನು ಯೋಜನೆ ಸಾರಿದ. ನಮ್ಮೂರಲ್ಲಿ ಹುಟ್ಟಿದ್ದರೆ ಅವನಿಗೆ ಅಷ್ಟು ಕಷ್ಟವಿರುತ್ತಿರಲಿಲ್ಲ. ಡಬ್ಬಿ ಬಿಚ್ಚಬೇಡ ಎಂದ ಕಂಪನಿಯ ಮಾತನ್ನು ಚಿನಕುರಳಿಯಲ್ಲಿ ಯಾರು ಕೇಳಿದ್ದಾರೆ? ನನಗನ್ನಿಸುವುದು, ಲಿನಕ್ಸ್ ಇಲ್ಲಿಗೆ ಒಗ್ಗಿದ್ದು ಪುಕ್ಕಟೆ ಎಂದಲ್ಲ, ಇಣುಕಿ ನೋಡಲು ಬಿಡುತ್ತದೆ ಎಂದು. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗಂತೂ ಇದು ಪಾಠವೇ. ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶಕ್ಕೆ ಎಂದೋ ಬದಲಾದವು. ನಮ್ಮಲ್ಲಿ ಅದು ಇನ್ನೂ ಜಗಲಿಯ ವಿದ್ಯೆ.

ಮೇಷ್ಟ್ರು ಪ್ರಿಂಟ್ ಒತ್ತಿದರು. ಬರಲಿಲ್ಲ. ಪಕ್ಕದ ಮನೆಯ ಯುವಕ, "ನೀವು ಮೆತ್ತಗೆ ಒತ್ತಿದ್ರಿ ಮೇಷ್ಟ್ರೇ" ಎಂದು ತಾನೊಮ್ಮೆ ಒತ್ತಿದ. ಡೇರಿಗೆ ಹಾಲು ಹಾಕಿ ಬಂದವರು ಒಬ್ಬೊಬ್ಬರೂ ಒತ್ತಿದರು. ಅಷ್ಟರಲ್ಲಿ ಕರಪತ್ರದಲ್ಲಿ ಹಬ್ಬದ ಊಟ ಬುಧವಾರದ ಬದಲು ಮಂಗಳವಾರ ಎಂದು ಬಿದ್ದಿರುವುದು ಯಾರಿಗೋ ಕಂಡು, ತಿದ್ದಿ, ಮತ್ತೆ ಎಲ್ಲರೂ ಸರದಿಯಂತೆ ಒತ್ತಿದರು. ವಿಷಯವೇನೆಂದರೆ, ಲಿನಕ್ಸಿನಲ್ಲಿ ಮುದ್ರಣ ನೋಡಿಕೊಳ್ಳುವುದು ಕಪ್ಸ್ ಎಂಬುದು. ಕೇಬಲ್ ಸಡಿಲವಾಗಿ ಒಮ್ಮೆ ಎಡವಿದರೆ ಅದು ಪ್ರಿಂಟರನ್ನು 'ನಿಲುಗಡೆ' ಎಂದು ಗುರುತುಹಾಕಿ, ಬಂದ ಕೆಲಸಗಳನ್ನೆಲ್ಲ ಸಾಲಾಗಿ ಕಾಪಾಡಿಕೊಂಡು ಕೂರುತ್ತದೆ. ಕೇಬಲ್ ಸರಿಮಾಡಿದರೂ ನಾವು ಹೇಳದೆ ಏಳುವುದಿಲ್ಲ. ಸಂಜೆ ಅಳಿಯ ಬಂದು ಸಾಲನ್ನು ನೋಡದೆಯೇ 'ಮುಂದುವರಿಸು' ಒತ್ತಿದ. ಪ್ರಿಂಟರ್ ಪ್ರಾಮಾಣಿಕವಾಗಿ ಒತ್ತಿದವರೆಲ್ಲರ ಲೆಕ್ಕ ತೀರಿಸಿತು. ಕಾಗದ ದಂಡವಾಗಬಾರದೆಂದು ಹುಡುಗರು ಎಲ್ಲವನ್ನೂ ಹಂಚಿಬಿಟ್ಟರು, ಮಂಗಳವಾರದ್ದನ್ನೂ. ಕೆ.ಆರ್. ಪೇಟೆ ಕಡೆಯ ನೆಂಟರು ಒಂದು ದಿನ ಮೊದಲೇ ಬಂದು ಎಲೆ ಹಾಕಿ ಎಂದು ಕೂತಾಗ, ಅವರಿಗೆ ಕಪ್ಸಿನ ಸ್ವಭಾವ ವಿವರಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು.