ಬ್ಯಾಗ್ ಕಾಯುವವರು

ಇವತ್ತು ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೋಗುವ ಮಾತು ಬಂತು. ಹುಬ್ಬಳ್ಳಿಯಿಂದ ಬಂದಿರುವ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಂಥ ಜಾಗವನ್ನು ಈವರೆಗೆ ಕಂಡವರಲ್ಲ. ಯಾವ ರೈಡ್ ಮೊದಲು, ಯಾವುದು ಊಟದ ಮುಂಚೆ ಅಂತ ಹುಡುಗರು ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ಅಣ್ಣನ ಮಗ ಅವಲಕ್ಕಿ ತಟ್ಟೆಯಿಂದ ತಲೆ ಎತ್ತದೆ, "ಅವ್ವ ಬ್ಯಾಗ್ ನೋಡ್ಕೋತಾಳ ತಗೋ" ಅಂದ. ಯಾರೂ ಏನೂ ಅನ್ನಲಿಲ್ಲ. ವೈನಿಯೂ "ಹೂಂನಪಾ, ನಾ ಎಲ್ಲರೆ ನೆರಳಾಗ ಕುಂದರ್ತೀನಿ" ಅಂದುಬಿಟ್ಟರು. ಆಗಿನಿಂದ ನನ್ನ ಮನಸ್ಸು ಕುದಿಯುತ್ತಿದೆ.

ಇಂಥ ಯಾವ ಪಾರ್ಕಿಗೆ ಹೋದರೂ ಅವರು ಕಾಣುತ್ತಾರೆ. ರೋಲರ್ ಕೋಸ್ಟರಿನ ಕೆಳಗೆ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಮಡಿಲಲ್ಲಿ ಮೂರ್ನಾಲ್ಕು ಮೊಬೈಲು, ಯಾರದೋ ಕನ್ನಡಕ, ಕಾಲಬುಡದಲ್ಲಿ ಸಾಲು ಚಪ್ಪಲಿ, ಪಕ್ಕದಲ್ಲಿ ಒದ್ದೆ ಬಟ್ಟೆಯ ಚೀಲ. ಮೇಲಿನಿಂದ ಕಿರುಚಾಟ ಕೇಳಿದಾಗಲೆಲ್ಲ ಕತ್ತೆತ್ತಿ, ಆ ಗುಂಪಿನಲ್ಲಿ ತಮ್ಮ ಮಗು ಯಾವುದು ಅಂತ ಹುಡುಕುತ್ತಾರೆ. ಟಿಕೆಟ್ಟಿನ ಪೂರ್ತಿ ದುಡ್ಡು ಕೊಟ್ಟೇ ಒಳಗೆ ಬಂದವರು ಇವರು. ಸಾಮಾನು ಇಡಲು ಬಾಡಿಗೆಗೆ ಲಾಕರ್ ಸಿಗುತ್ತದೆ. ಹೃದಯದ ತೊಂದರೆ, ಬಿ.ಪಿ., ಬೆನ್ನುನೋವು, ಬಸಿರು ಇದ್ದವರು ಹತ್ತಬಾರದು ಅನ್ನುವುದನ್ನು ರೈಡಿನ ಮುಂದಿನ ಫಲಕವೇ ಹೇಳುತ್ತದೆ. ಅದನ್ನು ಯಾರೂ ಮೀರಬಾರದು. ನಮ್ಮ ವೈನಿಗೆ ಇವು ಯಾವುವೂ ಇಲ್ಲ. ನಲವತ್ತೆಂಟರ ಗಟ್ಟಿ ಜೀವ. ಆದರೂ ಅವರನ್ನು ಕೆಳಗೆ ಕೂರಿಸುವ ತೀರ್ಮಾನ ತಾನಾಗಿಯೇ ಆಗಿಹೋಗುತ್ತದೆ.

ಹೆಂಗಸರು ಅಂಜುಬುರುಕರು ಅನ್ನುವ ಎಣಿಕೆಯೇ ಇದರ ಹಿಂದಿರುವುದು, ಅದು ಹಳೆಯದು. ಭರತಮುನಿಯ ನಾಟ್ಯಶಾಸ್ತ್ರ ಎಂಟು ರಸಗಳನ್ನು ಎಣಿಸುವಾಗ ಭಯಾನಕಕ್ಕೆ ಕಪ್ಪು ಬಣ್ಣ ಕೊಡುತ್ತದೆ, ಕಾಲನನ್ನು ಅದರ ದೇವತೆಯಾಗಿ ನಿಲ್ಲಿಸುತ್ತದೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಮುಂದಿನ ಅಧ್ಯಾಯದಲ್ಲಿ ಭಾವಗಳ ವಿಚಾರ ಬಂದಾಗ, ಭಯ ಹುಟ್ಟುವುದು ಹೆಂಗಸರಲ್ಲಿ ಮತ್ತು ಕೀಳು ಸ್ವಭಾವದವರಲ್ಲಿ ಅನ್ನುವ ಮಾತಿದೆ. ಅದನ್ನು ಓದಿದ ದಿನದಿಂದ ನಾನು ಆ ಸಾಲಿನೊಂದಿಗೆ ಮನಸ್ಸಿನಲ್ಲೇ ಜಗಳವಾಡುತ್ತ ಬಂದಿದ್ದೇನೆ. ಭಯ ಬೇರೆ, ಭಯಾನಕ ರಸ ಬೇರೆ ಅಂತ ಕಲಿಸಿದ್ದೂ ಅದೇ ಶಾಸ್ತ್ರ. ರಾತ್ರಿ ಮಗ ಗಾಡಿ ತಗೊಂಡು ಹೋದರೆ ಬರುವವರೆಗೆ ವೈನಿಗೆ ಭಯ. ಮಳೆ ತಪ್ಪಿದರೆ ಹೊಲದ ಸಾಲದ ಭಯ. ಅವೆಲ್ಲ ಬರೀ ಭಯ, ಅದರಲ್ಲಿ ರುಚಿಯಿಲ್ಲ. ಭಯ ರುಚಿಯಾಗಬೇಕಾದರೆ ಜೀವಕ್ಕೆ ಅಪಾಯವಿಲ್ಲ ಅನ್ನುವ ಭರವಸೆ ಬೇಕು. ರಂಗದ ಮೇಲೆ ಹುಲಿವೇಷ ಕುಣಿಯುವಾಗ ನಾವು ಬೆಚ್ಚಿಬಿದ್ದು ಸುಖಪಡುವುದು ಅದರಿಂದಲೇ. ಭಯವನ್ನೆಲ್ಲ ಹೆಂಗಸರಿಗೆ ಕೊಟ್ಟು, ಅದರ ರಸವನ್ನು ಉಳಿದವರು ಇಟ್ಟುಕೊಂಡರು ಅನ್ನುವುದು ನನ್ನ ದೂರು.

ರೋಲರ್ ಕೋಸ್ಟರ್ ಕೊಡುವ ಈ ರಸದ ಹಿಂದೆ ಎಷ್ಟೊಂದು ಜನರ ಬುದ್ಧಿ ಕೆಲಸ ಮಾಡಿದೆ! 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಲಾಮಾರ್ಕಸ್ ಥಾಮ್ಸನ್ ಹಳಿ ಹಾಕಿ ಜನರನ್ನು ಜಾರಿಸಿದ. ವೇಗ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು, ದರ 5 ಸೆಂಟ್. ಸೈಕಲ್ಲಿಗಿಂತ ನಿಧಾನವಾದ ಆ ಆಟಕ್ಕೂ ಜನ ಮುಗಿಬಿದ್ದರು. ಆಮೇಲೆ ಜಾನ್ ಮಿಲ್ಲರ್ ಎಂಬಾತ ಬಂಡಿಗೆ ಹಳಿಯ ಕೆಳಗೂ ಓಡುವ ಗಾಲಿ ತೊಡಿಸಿ 1919ರಲ್ಲಿ ಹಕ್ಕುಪತ್ರ ಪಡೆದ. ಮೇಲೊಂದು, ಕೆಳಗೊಂದು ಗಾಲಿ ಹಳಿಯನ್ನು ಕಚ್ಚಿ ಹಿಡಿದ ಮೇಲೆ ಬಂಡಿ ಎಗರಿ ಹೋಗುವ ಮಾತಿಲ್ಲ. ಸರಪಳಿ ಬಂಡಿಯನ್ನು ಮೇಲಕ್ಕೆ ಎಳೆಯುವಾಗ ಕಟಕಟ ಅಂತ ಸದ್ದು ಬರುತ್ತದಲ್ಲ, ಹೊಸಬರ ಎದೆ ನಡುಗಿಸುವುದು ಅದೇ. ಆದರೆ ಅದು ಬಂಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುವ ಕೊಂಡಿಯ ಸದ್ದು. ನಮ್ಮನ್ನು ಕಾಯುವ ಸದ್ದಿಗೇ ನಾವು ಹೆದರುತ್ತೇವೆ. ವೈನಿಗೆ ಇದನ್ನು ಮೊದಲೇ ಹೇಳಿ ಕೂರಿಸಬೇಕು ಅಂತಿದ್ದೇನೆ.

ತಲೆಕೆಳಗಾಗುವ ಸುತ್ತಿನ ಕಥೆಯೂ ಹಾಗೇ. ಹಳೇ ಕಾಲದಲ್ಲಿ ಅದನ್ನು ಪೂರ್ತಿ ದುಂಡಗೆ ಮಾಡಿದ್ದರಿಂದ ಕುತ್ತಿಗೆಗೆ ಪೆಟ್ಟು ಬೀಳುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯದ ಒಂದು ಪಾರ್ಕಿಗಾಗಿ ವರ್ನರ್ ಸ್ಟೆಂಗೆಲ್ ಎಂಬ ಜರ್ಮನ್ ಎಂಜಿನಿಯರ್ ಅದನ್ನು ನೀರಹನಿಯ ಆಕಾರಕ್ಕೆ ತಂದ: ಕೆಳಗೆ ತಿರುವು ಅಗಲ, ತುದಿಯಲ್ಲಿ ಕಿರಿದು. ಏರುವಾಗಿನ ಒತ್ತಡ ಅದರಿಂದ ತಗ್ಗಿತು.

ವಂಡರ್‌ಲಾದ ರಿಕಾಯ್ಲ್ ನೋಡಿ. ಬಂಡಿಯನ್ನು ಎತ್ತರಕ್ಕೆ ಎಳೆದು ಬಿಡುತ್ತಾರೆ. ಅದು ಸುರುಳಿಗಳಲ್ಲಿ ನುಗ್ಗಿ ಆಚೆ ತುದಿಗೆ ಏರಿ, ಅಲ್ಲಿಂದ ಅದೇ ದಾರಿಯಲ್ಲಿ ಹಿಂದುಹಿಂದಾಗಿ ಬರುತ್ತದೆ. ಹೋಗಿ ಬರುವ ಈ ಆಟ ನೋಡುತ್ತ ನಿಂತಾಗ ನನಗೆ ಹೊಳೆದದ್ದು ಒಂದೇ. ಇದು ಜೋಕಾಲಿ! ನಮ್ಮ ಗದಗಿನ ಕಡೆಯ ಪಂಚಮಿಯ ಜೋಕಾಲಿ!

ಶ್ರಾವಣದಲ್ಲಿ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುತ್ತಿದ್ದರು. ನಾಗಪ್ಪಗೆ ಹಾಲೆರೆದು, ಅಳ್ಳು ತಂಬಿಟ್ಟು ಶೇಂಗಾ ಉಂಡಿ ತಿಂದು, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬೇವಿನ ಮರದ ಕೆಳಗೆ. ನಾಲ್ಕು ಮಕ್ಕಳ ತಾಯಂದಿರು ಸೆರಗು ಸೊಂಟಕ್ಕೆ ಸಿಗಿಸಿ ಎದುರುಬದುರು ನಿಂತು ಜೋಡಿ ಜೋಕಾಲಿ ಜೀಕುತ್ತಿದ್ದರು. ತುದಿಯಲ್ಲಿ ಮೊಣಕಾಲು ಮಡಚಬೇಕು, ತಳಕ್ಕೆ ಬಂದಾಗ ನೆಟ್ಟಗೆ ಎದ್ದು ನಿಲ್ಲಬೇಕು. ಹಾಗೆ ಮಾಡಿದಷ್ಟೂ ಜೋಕಾಲಿ ಎತ್ತರಕ್ಕೆ ಹೋಗುತ್ತದೆ. ಭೌತಶಾಸ್ತ್ರ ಸಮೀಕರಣದಲ್ಲಿ ಹೇಳುವ ಇದೇ ಸಂಗತಿ ನಮ್ಮ ಅತ್ತೆಯರ ಮೊಣಕಾಲಿಗೆ ಗೊತ್ತಿತ್ತು. ಕಾಲಿನಿಂದ ಮೇಲಿನ ಕೊಂಬೆಯ ಎಲೆ ಮುಟ್ಟಿದವಳು ಗೆದ್ದಂತೆ. ಆ ಹೊತ್ತು ಅವರು ಹಾಕುತ್ತಿದ್ದ ಕೇಕೆ ಊರ ಅಗಸಿಗೆ ಕೇಳುತ್ತಿತ್ತು. ವರ್ಷಪೂರ್ತಿ ದನಿ ಎತ್ತದ ನಮ್ಮ ದೊಡ್ಡವ್ವ ಅಲ್ಲಿ ಎಲ್ಲರಿಗಿಂತ ಜೋರು. ಹಿರಿಯರಾದಿಯಾಗಿ ಒಬ್ಬರೂ "ನಿನಗ್ಯಾಕ ಇದು ಈ ವಯಸ್ಸಿನಾಗ" ಅನ್ನುತ್ತಿರಲಿಲ್ಲ. ಚಪ್ಪಲಿಗಳು ಮರದ ಬುಡದಲ್ಲಿ ಬಿದ್ದಿರುತ್ತಿದ್ದವು. ಅವನ್ನು ಕಾಯಲು ಯಾರನ್ನೂ ಕೂರಿಸುತ್ತಿರಲಿಲ್ಲ.

ವೈನಿಯೂ ಅದೇ ಸೀಮೆಯವರು, ಜೀಕಿ ಬೆಳೆದವರು. ಬೀಳುವಾಗ ಹೊಟ್ಟೆ ಹಗುರಾಗಿ ಮೇಲೆ ಬಂದಂತಾಗುವ ಆ ಕ್ಷಣ ಅವರಿಗೆ ಹೊಸದೇ ಅಲ್ಲ. ಪಾರ್ಕು ಅವರಿಗೆ ಹೊಸದು, ಅಷ್ಟೇ.

ಜೋಕಾಲಿ ಎಲ್ಲಿಗೆ ಹೋಯಿತು ಅನ್ನುವುದೇ ಈಗ ನನ್ನನ್ನು ಕಾಡುತ್ತಿದೆ. ಬೆಂಗಳೂರಿನ ಸೈಟುಗಳಲ್ಲಿ ಹಗ್ಗ ಕಟ್ಟುವ ಕೊಂಬೆ ಉಳಿದಿಲ್ಲ. ಬಡಾವಣೆಯ ಪಾರ್ಕುಗಳಲ್ಲಿ ಜೋಕಾಲಿಗಳೇನೋ ಇವೆ, ಆದರೆ ಅವು ಮಕ್ಕಳಿಗೆ ಮಾತ್ರ; ದೊಡ್ಡವರು ಕೂತರೆ ಕಾವಲುಗಾರ ಎಬ್ಬಿಸುತ್ತಾನೆ. ದೊಡ್ಡವರಿಗೆ ನಡೆಯುವ ದಾರಿ, ಕೈಕಾಲು ತಿರುಗಿಸುವ ಕಬ್ಬಿಣದ ಯಂತ್ರ, ಕೂರಲು ಕಲ್ಲುಬೆಂಚು. ಎಲ್ಲವೂ ಆರೋಗ್ಯಕ್ಕೆ, ಒಂದೂ ಖುಷಿಗಲ್ಲ. ನಡಿಗೆಯ ದಾರಿಗೆ ವರ್ಷ ವರ್ಷ ಹೊಸ ಟೈಲ್ಸ್ ಹಾಕಿಸುವವರು ಆ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು, ಪ್ರತಿ ಪಾರ್ಕಿನಲ್ಲೂ ದೊಡ್ಡವರ ಭಾರ ತಾಳುವ ಎರಡು ಜೋಕಾಲಿ ಹಾಕಿಸಲಿ. ಕಂಬ ಎತ್ತರವಿರಲಿ, ಸರಪಳಿ ಉದ್ದವಿರಲಿ, ಇಬ್ಬರು ಎದುರುಬದುರು ನಿಲ್ಲುವಷ್ಟು ಹಲಗೆ ಅಗಲವಿರಲಿ. ನಮ್ಮ ವಾರ್ಡಿನವರಿಗೆ ಈ ವಾರವೇ ಅರ್ಜಿ ಬರೆಯುತ್ತೇನೆ, ಮೊದಲ ಸಹಿ ವೈನಿಯದು.