ಅಪ್ಪನ ಆಪೂಸು, ನನ್ನ ಗರಗಸ

2025ರ ಮೇ ತಿಂಗಳಲ್ಲಿ ನಮ್ಮ ಹಿತ್ತಲ ಮಾವಿನ ಮರ 143 ಹಣ್ಣು ಕೊಟ್ಟಿತು. ಎಣಿಸಿದ್ದು ನಾನೇ. ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದ ಕೈ, ಲೆಕ್ಕ ತಪ್ಪಿರಲಾರದು ಬಿಡಿ. ಇಷ್ಟಕ್ಕೇ ಇವನ್ಯಾಕೆ ಇಷ್ಟು ಹಿಗ್ಗುತ್ತಿದ್ದಾನೆ ಅಂತೀರಾ? ಸ್ವಲ್ಪ ಹಿಂದಿನಿಂದ ಹೇಳಬೇಕು.

2000ದಲ್ಲಿ ಸ್ಟಾಫ್ ಲೋನ್ ತೆಗೆದು ಪುಣೆಯಲ್ಲಿ ಈ ಪುಟ್ಟ ಮನೆ ಕೊಂಡಾಗ, ಅಪ್ಪ ಧಾರವಾಡದಿಂದ ಆಪೂಸಿನ ಒಂದು ಕಸಿ ಸಸಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ರಾತ್ರಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಧಾರವಾಡದ ಆಪೂಸಿನ ಮುಂದೆ ರತ್ನಾಗಿರಿಯದ್ದು ಏನೂ ಅಲ್ಲ ಎಂಬುದು ಅವರ ವಾದ. ಪಕ್ಕದ ಮನೆ ಕಾಕೂ ರತ್ನಾಗಿರಿ ಕಡೆಯವರು. ಪ್ರತಿ ಮೇ ತಿಂಗಳೂ ಕಾಂಪೌಂಡಿನ ಆ ಕಡೆ ಈ ಕಡೆ ನಿಂತು ಇಬ್ಬರದೂ ಜಗಳ.

2013ರ ಜೂನಿನಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಮರಕ್ಕೆ ಕತ್ತಿ ತಾಗಿಸಲು ನನಗೆ ಮನಸ್ಸೇ ಬರಲಿಲ್ಲ. ಅಪ್ಪನ ಮರ, ಹೇಗಿದೆಯೋ ಹಾಗೇ ಇರಲಿ ಎಂದುಕೊಂಡೆ. ಮರ ಮಾತ್ರ ಹಾಗೇ ಇರಲಿಲ್ಲ. ಬೆಳಕು ಹುಡುಕಿಕೊಂಡು ಮೇಲೆ ಮೇಲೆ ಹೋಯಿತು. ಒಳಗೆಲ್ಲ ಕತ್ತಲೆ, ಒಣಗಿದ ರೆಂಬೆಗಳು. ಕಾಯಿ ಬಿಟ್ಟರೂ ಕೈಗೆಟುಕದ ತುದಿಯಲ್ಲಿ. 2021ರಲ್ಲಿ ಬಂದದ್ದು ಹನ್ನೊಂದೇ ಹಣ್ಣು. ಆ ಮಳೆಗಾಲ ಒಂದು ಒಣಕೊಂಬೆ ಮುರಿದು ಕಾಕೂ ಮನೆಯ ಶೀಟಿನ ಮೇಲೆ ಬಿತ್ತು. ಕಾಕೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕಡಿಸಿಬಿಡೋಣ, ಕಾರಿಗಾದರೂ ಜಾಗವಾಗುತ್ತೆ ಎಂದ ಮಗ. ಅಮ್ಮ ಎದುರಿಗೇ ಕೂತಿದ್ದಳು. ನಾನು ರೇಗಿದೆ: "ನಿಮ್ಮಜ್ಜ ಇದಕ್ಕೆ ಒಂದು ದಿನ ಕತ್ತರಿ ತಾಗಿಸಿದವರಲ್ಲ!"

ಅಮ್ಮ ನಕ್ಕಳು. "ಯಾರು ಹೇಳಿದ್ರೋ ನಿನಗ? ನೀ ಬ್ಯಾಂಕಿಗೆ ಹೋದ ಮ್ಯಾಲೆ ಅವರ ಕೈಯಾಗ ಕತ್ತರಿನೇ ಇರ್ತಿತ್ತು. ಮೊದಲ ಮೂರು ವರ್ಷ ಬಂದ ಹೂವೆಲ್ಲಾ ಚಿವುಟಿ ಒಗದ್ರು. ಹಣ್ಣಿನ ಆಸೆಗೆ ಗಿಡ ಸೊರಗಬಾರದು ಅಂತಿದ್ರು. ನೀ ಯಾವತ್ತು ಹಿತ್ತಲಕ್ಕ ಬಂದು ನೋಡಿದಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಕೆಟ್ಟ ಸಾಲವನ್ನು ವರ್ಷಗಟ್ಟಲೆ ಸರಿಯಾಗಿಯೇ ಇದೆ ಎಂದು ಪುಸ್ತಕದಲ್ಲಿ ತೋರಿಸುವವರನ್ನು ಕಂಡು ಸಿಟ್ಟಾಗುತ್ತಿದ್ದವನು ನಾನು. ಮನೆಯ ಹಿತ್ತಲಲ್ಲಿ ನಾನು ಮಾಡಿದ್ದೂ ಅದನ್ನೇ. ಅದಕ್ಕೆ ಪ್ರೀತಿ ಅಂತ ಹೆಸರು ಬೇರೆ.

ಕಡಿಯುವುದು ಬೇಡ, ಸವರೋಣ ಎಂದಾಯಿತು. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಕಾಯ್ದೆಯೇ ಇದೆ, ನಮ್ಮ ಕಾಂಪೌಂಡ್ ಎಂದು ಕೊಡಲಿ ಎತ್ತುವ ಹಾಗಿಲ್ಲ. ಅರ್ಜಿ ಕೊಟ್ಟು ಅನುಮತಿ ಪಡೆದು, 2022ರ ಜೂನಿನಲ್ಲಿ ಹಣ್ಣು ಮುಗಿದ ಕೂಡಲೇ ಕೆಲಸಕ್ಕಿಳಿದೆವು. ಮಾವು ಹೂ ಬಿಡುವುದು ಬಲಿತ ಚಿಗುರಿನ ತುದಿಯಲ್ಲಿ. ತಡ ಮಾಡಿದರೆ ಹೊಸ ಚಿಗುರು ಚಳಿಗಾಲದೊಳಗೆ ಬಲಿಯುವುದಿಲ್ಲ.

ಮೊದಲ ದಿನವೇ ಎಡವಟ್ಟು. ಆಫೀಸಿಗೆ ಹೊತ್ತಾಯಿತು, ಬೇಗ ಮುಗಿಸಪ್ಪ ಎಂದು ಮರ ಹತ್ತಿದ ಹುಡುಗನಿಗೆ ಅವಸರ ಮಾಡಿದೆ. ಅವನು ದಪ್ಪ ಕೊಂಬೆಯೊಂದನ್ನು ಮೇಲಿನಿಂದಲೇ ಕೊಯ್ದ. ಅರ್ಧ ಕೊಯ್ಯುವಷ್ಟರಲ್ಲಿ ಭಾರಕ್ಕೆ ಅದು ಜಗ್ಗಿ, ಕಾಂಡದ ತೊಗಟೆಯನ್ನು ಒಂದು ಮೊಳ ಸಿಗಿದುಕೊಂಡೇ ಬಿತ್ತು. ಸೊನೆ ಸುರಿಯಿತು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ನಾನು ಆಫೀಸಿಗೆ ಹೋಗಲಿಲ್ಲ.

ಆಮೇಲೆ ಕಲಿತದ್ದು ಇಷ್ಟು. ದಪ್ಪ ಕೊಂಬೆಗೆ ಮೂರು ಗಾಯ ಮಾಡಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ. ಅದಕ್ಕಿಂತ ಇನ್ನಷ್ಟು ಹೊರಗೆ ಮೇಲಿನಿಂದ ಪೂರ್ತಿ. ಭಾರ ಹೋದ ಮೇಲೆ ಉಳಿದ ಮೋಟನ್ನು ನಿಧಾನವಾಗಿ ತೆಗೆಯುವುದು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದ ಹಾಗೆ ಉಬ್ಬಿರುತ್ತದಲ್ಲ, ಅದಕ್ಕೆ ಗರಗಸ ತಾಗಬಾರದು. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಮೊದಲು ಒಣಗಿದ್ದು, ಆಮೇಲೆ ಒಂದಕ್ಕೊಂದು ಉಜ್ಜುವಂಥದ್ದು, ಕೊನೆಗೆ ನಡುವೆ ನೆಟ್ಟಗೆ ಹೋಗಿ ಬೆಳಕು ತಡೆಯುವಂಥದ್ದು. ಒಂದು ವರ್ಷಕ್ಕೆ ಕಾಲು ಭಾಗ ತೆಗೆದರೆ ಸಾಕು.

ಗಾಯಕ್ಕೆ ಬೋರ್ಡೋ ಪೇಸ್ಟ್. ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಒಂದು ಲೀಟರ್, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ನೆರಳಿನಲ್ಲಿದ್ದು ಏಕಾಏಕಿ ಬಿಸಿಲು ಕಂಡ ಕೊಂಬೆಗಳಿಗೂ ಸುಣ್ಣ ಬಳಿದೆವು, ಇಲ್ಲದಿದ್ದರೆ ತೊಗಟೆ ಸುಡುತ್ತದೆ. ಸೊನೆ ತಾಗಿ ನನ್ನ ಮೊಣಕೈ ಮೇಲೆ ಗುಳ್ಳೆ ಎದ್ದು ಹದಿನೈದು ದಿನ ಉರಿಯಿತು. ಅದು ನನಗೆ ಬೇಕಿತ್ತು.

ಒಂದು ಕೊಂಬೆಯಲ್ಲಿ ಕಾಗೆ ಗೂಡಿತ್ತು. "ಅದನ್ನ ಮುಂದಿನ ವರ್ಷ ನೋಡೋಣ" ಎಂದಳು ಅಮ್ಮ. ಅಪ್ಪನ ತಿಥಿ ಎರಡೇ ದಿನ ದೂರವಿತ್ತು. ಯಾಕೆ ಎಂದು ನಾನು ಕೇಳಲಿಲ್ಲ.

2023ರಲ್ಲಿ ಒಂದೂ ಹಣ್ಣಿಲ್ಲ. ಕೊಯ್ದ ಕಡೆಯೆಲ್ಲ ಗೊಂಚಲು ಗೊಂಚಲು ಚಿಗುರು. ಒಂದೊಂದು ಕಡೆ ಎರಡು ಮೂರು ಉಳಿಸಿ ಮಿಕ್ಕದ್ದನ್ನು ಚಿವುಟಿದೆ. ಚಿವುಟುವಾಗಲೆಲ್ಲ ಅಪ್ಪ ನೆನಪಾದರು, ನಾನು ಕಾಣದ ಅಪ್ಪ, ಕೈಯಲ್ಲಿ ಕತ್ತರಿ ಹಿಡಿದವರು. ಆ ಜೂನಿನಲ್ಲಿ ಇನ್ನೊಂದಿಷ್ಟು ತೆಗೆದೆವು. 2024ರಲ್ಲಿ ನಾಲ್ಕು ಡಜನ್. ಈಗ 143. ಸಿಗಿದ ತೊಗಟೆಯ ಗಾಯ ಮಾತ್ರ ಇನ್ನೂ ಪೂರ್ತಿ ಮುಚ್ಚಿಲ್ಲ.

ಮೊದಲ ಡಜನ್ ಕಾಕೂ ಮನೆಗೆ ಹೋಯಿತು. ಹಣ್ಣು ಮೂಸಿ ನೋಡಿ ಕಾಕೂ, ಚೆನ್ನಾಗಿದೆ, ಆದರೂ ರತ್ನಾಗಿರಿಯದ್ದೇ ಬೇರೆ ಅಂದರು. ನಾನು ಸುಮ್ಮನೆ ನಕ್ಕೆ. ಇಷ್ಟು ವರ್ಷ ಈ ಜಗಳದಲ್ಲಿ ಒಮ್ಮೆಯೂ ಬಾಯಿ ಹಾಕದ ಅಮ್ಮ ಕೋಲೂರಿಕೊಂಡು ಕಾಂಪೌಂಡಿನವರೆಗೆ ಬಂದಳು. ತನ್ನ ಹರಕು ಮುರುಕು ಮರಾಠಿಯಲ್ಲಿ ಧಾರವಾಡದ ಪರವಾಗಿ ವಾದಕ್ಕಿಳಿದಳು. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ನಾನು ಒಳಗೆ ಹೋಗಿ ಇಬ್ಬರಿಗೂ ಚಹಾಕ್ಕಿಟ್ಟೆ.