ಎರಡೂ ಒಳ್ಳೆಯವೇ ಆದಾಗ

ಸೀಟು ಸಿಗದಿದ್ದರೆ ಒಂದು ಚಿಂತೆ. ಎರಡು ಕಡೆ ಸಿಕ್ಕರೆ ಇನ್ನೊಂದು. ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಆಟೋ ಓಡಿಸುವವರೊಬ್ಬರ ಮಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿ.ಎಸ್. ಸೀಟೂ ಸಿಕ್ಕಿತು, ಕೆ.ಆರ್. ವೃತ್ತದ ಯು.ವಿ.ಸಿ.ಇ.ಯಲ್ಲಿ ಎಲೆಕ್ಟ್ರಿಕಲ್ಲೂ ಸಿಕ್ಕಿತು. ‘ಯಾವುದು ದೊಡ್ಡದು ಮೇಷ್ಟ್ರೇ?’ ಎಂದರು ತಂದೆ.

ಒಂದು 1909ರದು, ಇನ್ನೊಂದು ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ್ದು. ಹೆಸರು ತೂಗುತ್ತ ಕೂತರೆ ದಾರಿ ಕಾಣದು. ವ್ಯತ್ಯಾಸ ಇರುವುದು ಓದಿನ ಕ್ರಮದಲ್ಲಿ. 2011ರಲ್ಲಿ ಶುರುವಾದ ಸಂಸ್ಥೆಯ ಪದವಿಯಲ್ಲಿ ಮೊದಲು ಭೌತ, ರಸಾಯನ, ಜೀವ, ಗಣಿತ ಎಲ್ಲವನ್ನೂ ಓದಿ ಆಮೇಲೆ ಪ್ರಧಾನ ವಿಷಯ ಆರಿಸಬೇಕು. ಕೊನೆಯ ವರ್ಷ ಸಂಶೋಧನೆ. ಎಂಜಿನಿಯರಿಂಗಿನಲ್ಲಿ ಸೀಟಿನ ಜೊತೆಗೇ ವಿಭಾಗವೂ ನಿಗದಿ. ಪದವಿ ಮುಗಿಸಿ ನೇರವಾಗಿ ಕೆಲಸಕ್ಕೆ ಸೇರಬಹುದು. ವಿಜ್ಞಾನದ ದಾರಿ ಸಾಮಾನ್ಯವಾಗಿ ಪಿಎಚ್.ಡಿ.ವರೆಗೂ ಎಳೆಯುತ್ತದೆ.

ಹಾಗಾಗಿ ಅವರಿಗೆ ಎರಡೇ ಪ್ರಶ್ನೆ ಹಾಕಿದೆ. ಸಂಬಳಕ್ಕಾಗಿ ಮನೆ ಎಷ್ಟು ವರ್ಷ ಕಾಯಬಲ್ಲದು? ಫ್ಯಾನು ನಿಂತರೆ ಮಗಳಿಗೆ ಅದನ್ನು ಬಿಚ್ಚಿ ಸರಿಮಾಡುವ ಆಸೆಯೋ, ಅದು ತಿರುಗುವುದೇಕೆ ಎಂಬ ಕುತೂಹಲವೋ?

ಮೊದಲನೆಯದಕ್ಕೆ ತಂದೆತಾಯಿ ಮುಚ್ಚುಮರೆ ಇಲ್ಲದೆ ಮಕ್ಕಳೆದುರೇ ಉತ್ತರಿಸಬೇಕು. ವಿದ್ಯಾರ್ಥಿವೇತನವನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. ಎರಡನೆಯದಕ್ಕೆ ಮಕ್ಕಳೇ ಉತ್ತರಿಸಲಿ. ನೆಂಟರಿಷ್ಟರ ಸಲಹೆಯ ಸರದಿ ಅದಾದ ಮೇಲೆ.